ಮಾಡೆಲ್ ಮೊದಲೋ, ಸ್ಲ್ಯಾಬ್ ಮೊದಲೋ

ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ಕಟ್ಟಡವನ್ನು ಮಾಹಿತಿ ಸಮೇತ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವುದು) ಬಗ್ಗೆ ನಮ್ಮ ಕಡೆಯ ಕಂಟ್ರಾಕ್ಟರುಗಳು, ಬಿಲ್ಡರುಗಳು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ತಗೋಬೇಕು ಅಂತ. ಆಮೇಲೆ, ಎಷ್ಟಾಗುತ್ತೆ ಅಂತ. ಯಾವಾಗ ಶುರು ಮಾಡಬೇಕು ಅಂತ ಕೇಳುವವರು ತೀರಾ ಕಡಿಮೆ. ನಾನು ಬೆಂಗಳೂರಿನಲ್ಲಿ ಕೋಆರ್ಡಿನೇಷನ್ ಕೆಲಸ ಮಾಡುತ್ತೇನೆ. ಆರ್ಕಿಟೆಕ್ಟ್, ಸ್ಟ್ರಕ್ಚರ್, ಎಲೆಕ್ಟ್ರಿಕಲ್, ಪ್ಲಂಬಿಂಗ್, ಎಸಿ, ಫೈರ್ ಇವರೆಲ್ಲರ ಮಾಡೆಲ್‌ಗಳನ್ನು ಒಂದೇ ಕಡೆ ಕೂರಿಸಿ, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯುತ್ತಿದೆ ಅಂತ ನೋಡಿ, ಅದು ಬಗೆಹರಿಯುವವರೆಗೂ ಎಲ್ಲರ ಬೆನ್ನು ಹತ್ತುವ ಕೆಲಸ ಅದು. ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾಗಿರುವ ಒಂದು ವಿಷಯ ಇದೆ. ಸ್ಲ್ಯಾಬ್ ಹಾಕುವ ಮೊದಲು ತೀರ್ಮಾನ ಆಗದಿದ್ದರೆ ಬಿಮ್‌ಗೆ ಹಾಕಿದ ದುಡ್ಡು ದಂಡ, ಮಾಡೆಲ್ ಎಷ್ಟೇ ಚೆನ್ನಾಗಿರಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಆಟೋಕ್ಯಾಡ್‌ನಲ್ಲಿ ಗೋಡೆ ಅಂದರೆ ಎರಡು ಗೆರೆ ಅಷ್ಟೇ. ಬಿಮ್ ಮಾಡೆಲ್‌ನಲ್ಲಿ ಗೋಡೆ ಅಂದರೆ 200 ಎಂಎಂ ಸಾಲಿಡ್ ಬ್ಲಾಕು, ಎರಡೂ ಬದಿ ಪ್ಲಾಸ್ಟರು, ಇಷ್ಟು ಎತ್ತರ, ಈ ಮಹಡಿಗೆ ಸೇರಿದ್ದು, ಬೆಂಕಿಯನ್ನು ಇಷ್ಟು ಹೊತ್ತು ತಡೆಯಬೇಕು ಎನ್ನುವ ಮಾಹಿತಿಯೆಲ್ಲ ಅದರ ಜೊತೆಗೇ ಇರುತ್ತದೆ. ಬಾಗಿಲನ್ನು ಒಂದು ಅಡಿ ಸರಿಸಿದರೆ ಪ್ಲಾನು, ಸೆಕ್ಷನ್ನು, ಎಲಿವೇಷನ್ನು, ಬಾಗಿಲುಗಳ ಪಟ್ಟಿ ಎಲ್ಲಾ ಕಡೆ ಒಟ್ಟಿಗೇ ಬದಲಾಗುತ್ತದೆ. ಯೋಚನೆ ಹೊಸದೇನಲ್ಲ. ಡ್ರಾಯಿಂಗ್ ಬದಲು ಕಂಪ್ಯೂಟರಿನಲ್ಲೇ ಕಟ್ಟಡವನ್ನು ಇಟ್ಟುಕೊಳ್ಳಬಹುದು ಅಂತ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲೇ ಬರೆದಿದ್ದರು. ಹಂಗೇರಿಯ ಗ್ರಾಫಿಸಾಫ್ಟ್ 1980ರ ದಶಕದಲ್ಲಿ ಆರ್ಕಿಕ್ಯಾಡ್ ಎನ್ನುವ ಬಿಮ್ ಸಾಫ್ಟ್‌ವೇರ್ ತಂದಿತು. ಅಂಥದೇ ಇನ್ನೊಂದು ಸಾಫ್ಟ್‌ವೇರ್ ರೆವಿಟ್ 2000ದಲ್ಲಿ ಬಂತು, 2002ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡುಕೊಂಡಿತು. ಅಂದರೆ ಸಲಕರಣೆ ಕೈಗೆ ಬಂದು ಕಾಲು ಶತಮಾನ ಆಯಿತು. ನಾವಿನ್ನೂ ಪಿಡಿಎಫ್ ಪ್ರಿಂಟ್ ತೆಗೆದು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೀಚುತ್ತಿದ್ದೇವೆ ಅಂದರೆ ಕಾರಣ ಬೇರೆಲ್ಲೋ ಇದೆ.

ಒಂದು ಆಸ್ಪತ್ರೆಯ ಕಾರಿಡಾರ್ ತಗೊಳ್ಳಿ, ಲೆಕ್ಕ ಹಾಕಿ ನೋಡೋಣ. ಮಹಡಿಯಿಂದ ಮಹಡಿಗೆ 3,600 ಎಂಎಂ. ಸ್ಲ್ಯಾಬ್ ಸೇರಿ ಬೀಮ್ ಆಳ 600. ನೆಲದ ಫಿನಿಶಿಂಗ್‌ಗೆ 75. ಫಾಲ್ಸ್ ಸೀಲಿಂಗ್ 2,400 ಎತ್ತರದಲ್ಲಿ ಬೇಕು ಅಂತ ಆರ್ಕಿಟೆಕ್ಟ್ ಹೇಳಿದ್ದಾರೆ. ಎಲ್ಲಾ ಕಳೆದರೆ ಬೀಮಿನ ಕೆಳಗೆ ಉಳಿಯುವುದು 525 ಎಂಎಂ. ಸೀಲಿಂಗ್ ಫ್ರೇಮಿಗೆ 50 ಬಿಟ್ಟರೆ 475. ಎಸಿ ಡಕ್ಟ್ 350, ಮೇಲೆ ಕೆಳಗೆ ಇನ್ಸುಲೇಷನ್ ಸೇರಿದರೆ 400. ಈಗ ಕೈಯಲ್ಲಿರುವುದು 75 ಎಂಎಂ. ಅದರಲ್ಲಿ ಕೇಬಲ್ ಟ್ರೇ ಹೋಗಬೇಕು, ಆಕ್ಸಿಜನ್ ಪೈಪ್ ಹೋಗಬೇಕು, ಸ್ಪ್ರಿಂಕ್ಲರ್ ಪೈಪ್ ಹೋಗಬೇಕು, ಮೇಲಿನ ಮಹಡಿಯ ಟಾಯ್ಲೆಟ್ಟಿನ ಡ್ರೈನ್ ಪೈಪೂ ಹೋಗಬೇಕು. ಆ ಡ್ರೈನ್ ಪೈಪು 110 ಎಂಎಂ, 12 ಮೀಟರ್ ಓಡಿ ಶಾಫ್ಟ್ (ಪೈಪುಗಳು ಮೇಲಿಂದ ಕೆಳಗೆ ಇಳಿಯುವ ಜಾಗ) ಸೇರಬೇಕು. ನೂರಕ್ಕೆ ಒಂದು ಸ್ಲೋಪ್ ಅಂದರೂ ಶಾಫ್ಟ್ ತಲುಪುವಷ್ಟರಲ್ಲಿ 120 ಎಂಎಂ ಕೆಳಗೆ ಇಳಿದಿರುತ್ತದೆ. ಅದೊಂದಕ್ಕೇ 230 ಎಂಎಂ ಬೇಕು.

ಇಲ್ಲಿ ಯಾರ ಡ್ರಾಯಿಂಗೂ ತಪ್ಪಿಲ್ಲ, ಗಮನಿಸಿ. ಎಸಿಯವರ ಶೀಟು ಸರಿ, ಪ್ಲಂಬಿಂಗ್ ಶೀಟು ಸರಿ, ಸ್ಟ್ರಕ್ಚರ್ ಶೀಟು ಸರಿ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಜಾಗ ಇಲ್ಲ. ಪ್ಲಾನಿನಲ್ಲಿ ಇದು ಕಾಣುವುದೇ ಇಲ್ಲ, ಯಾಕೆಂದರೆ ಪ್ಲಾನು ಎತ್ತರ ತೋರಿಸುವುದಿಲ್ಲ. ಅನುಭವ ಇರುವ ಹಿರಿಯ ಎಂಜಿನಿಯರ್ ಒಬ್ಬರು ಸೆಕ್ಷನ್ ಬಿಡಿಸಿ ನೋಡಿದರೆ ಒಂದು ಕಡೆಯದು ಸಿಗುತ್ತದೆ, ಆದರೆ ಕಟ್ಟಡದಲ್ಲಿ ಇಂಥ ಜಾಗಗಳು ಒಂದಾ ಎರಡಾ?

ಸ್ಲ್ಯಾಬ್ ಹಾಕುವ ಮೊದಲು ಇದಕ್ಕೆ ದಾರಿಗಳು ಎಷ್ಟೋ ಇವೆ. ಡಕ್ಟನ್ನು ಅಗಲ ಮಾಡಿ ಎತ್ತರ ಇಳಿಸಬಹುದು. ಡ್ರೈನಿಗೆ ಹತ್ತಿರದಲ್ಲೇ ಇನ್ನೊಂದು ಶಾಫ್ಟ್ ಕೊಟ್ಟರೆ 12 ಮೀಟರ್ ಓಟ 4 ಮೀಟರ್ ಆಗುತ್ತದೆ, ಇಳಿತ 40 ಎಂಎಂಗೆ ನಿಲ್ಲುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದರೆ ಬೀಮಿನಲ್ಲೇ ಸ್ಲೀವ್ (ಕಾಂಕ್ರೀಟ್ ಹಾಕುವ ಮೊದಲು ತೂತಿಗಾಗಿ ಇಡುವ ಪೈಪ್ ತುಂಡು) ಇಟ್ಟು ಪೈಪ್ ದಾಟಿಸಬಹುದು, ಕಂಬದ ಹತ್ತಿರ ಬೇಡ, ದೂರದಲ್ಲಿ ಇಡಿ ಅಂತ ಅವರೇ ಜಾಗ ಹೇಳುತ್ತಾರೆ. ಅಥವಾ ಮಹಡಿಯ ಎತ್ತರವನ್ನೇ 150 ಎಂಎಂ ಜಾಸ್ತಿ ಮಾಡಬಹುದು. ಕಾಂಕ್ರೀಟ್ ಬಿದ್ದ ಮೇಲೆ ಉಳಿಯುವ ದಾರಿ ಎರಡೇ. ಸೀಲಿಂಗ್ ಇಳಿಸುವುದು, ಇಲ್ಲಾಂದರೆ ಬೀಮ್ ಕೊರೆಯುವುದು. ಆಸ್ಪತ್ರೆಯ ಕಾರಿಡಾರಿನಲ್ಲಿ ಸೀಲಿಂಗ್ ಇಳಿಸಿದರೆ ಸಲೈನ್ ಸ್ಟ್ಯಾಂಡ್ ಕಟ್ಟಿಕೊಂಡು ಸ್ಟ್ರೆಚರ್ ತಳ್ಳುವವರಿಗೆ ಕಟ್ಟಡ ಇರುವಷ್ಟು ಕಾಲ ತೊಂದರೆ. ಬೀಮ್ ಕೊರೆದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಈ ಕೋರ್ ಕಟಿಂಗ್, ಅಂದರೆ ಗಟ್ಟಿಯಾದ ಕಾಂಕ್ರೀಟ್ ಕೊರೆದು ತೂತು ಮಾಡುವ ವಿಷಯದಲ್ಲಿ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಬೆಂಗಳೂರಿನ ಆಫೀಸ್ ಕಟ್ಟಡಗಳಲ್ಲಿ ಈಗ ಪಿಟಿ (ಪೋಸ್ಟ್ ಟೆನ್ಷನ್) ಸ್ಲ್ಯಾಬ್ ಸಾಮಾನ್ಯ, ಸ್ಲ್ಯಾಬಿನ ಒಳಗೆ ಉಕ್ಕಿನ ಕೇಬಲ್‌ಗಳನ್ನು ಜಗ್ಗಿ ಬಿಗಿ ಮಾಡಿರುತ್ತಾರೆ. ಅಂಥ ಸ್ಲ್ಯಾಬಿನಲ್ಲಿ ಮೂರು ತಿಂಗಳಾದ ಮೇಲೆ ಪ್ಲಂಬಿಂಗ್ ಕಂಟ್ರಾಕ್ಟರ್ ಬಂದು, ನನಗೆ ಇಲ್ಲಿ ಆರಿಂಚು ತೂತು ಬೇಕು ಅಂದರೆ, ಮೊದಲು ಸ್ಕ್ಯಾನ್ ಮಾಡಿ ಕೇಬಲ್ ಎಲ್ಲಿದೆ ಅಂತ ಹುಡುಕಬೇಕು. ಕೇಬಲ್ ತುಂಡಾದರೆ ಸ್ಲ್ಯಾಬಿನ ಬಲ ಹೋಗುತ್ತದೆ, ಡ್ರಿಲ್ ಹಿಡಿದಿರುವ ಹುಡುಗನ ಜೀವಕ್ಕೂ ಅಪಾಯ. ಸ್ಲೀವ್ ಎಲ್ಲಿ ಬರುತ್ತದೆ ಅಂತ ಮಾಡೆಲ್‌ನಿಂದ ತೆಗೆದು, ಶಟರಿಂಗ್ ಮೇಲೆ ಗುರುತು ಹಾಕಿ, ಕೇಬಲ್ ಹಾಸುವ ಮೊದಲೇ ಪೈಪ್ ತುಂಡು ಇಟ್ಟುಬಿಟ್ಟರೆ ಈ ರಗಳೆಯೇ ಇಲ್ಲ. ಬಿಮ್‌ನಿಂದ ಏನು ಲಾಭ ಅಂತ ಕೇಳುವವರಿಗೆ ನಾನು ಕೊಡುವ ಮೊದಲ ಉತ್ತರ ಸ್ಲೀವ್ ಡ್ರಾಯಿಂಗ್. ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಅದೊಂದು ಸರಿಯಾಗಿ ಬಂದರೆ ಮಾಡೆಲ್ಲಿಗೆ ಖರ್ಚು ಮಾಡಿದ್ದು ದಂಡ ಅಲ್ಲ.

ಆದರೆ ನಡೆಯುವುದು ಏನು? ಡ್ರಾಯಿಂಗ್‌ಗಳು ಮೊದಲು ಕ್ಯಾಡ್‌ನಲ್ಲಿ ಆಗುತ್ತವೆ. ಜಿಎಫ್‌ಸಿ (ಗುಡ್ ಫಾರ್ ಕನ್ಸ್ಟ್ರಕ್ಷನ್, ಇದರಂತೆ ಕಟ್ಟಬಹುದು ಅನ್ನುವ) ಸೀಲ್ ಬಿದ್ದು ಸೈಟಿಗೆ ಹೋಗುತ್ತವೆ. ಆಮೇಲೆ, ಟೆಂಡರಿನಲ್ಲಿ ಬಿಮ್ ಅಂತ ಬರೆದಿದೆಯಲ್ಲ ಅಂತ, ಅದೇ ಡ್ರಾಯಿಂಗ್ ನೋಡಿಕೊಂಡು ಇನ್ನೊಂದು ಆಫೀಸಿನವರು ಮಾಡೆಲ್ ಮಾಡುತ್ತಾರೆ. ಅವರ ಕ್ಲಾಶ್ ರಿಪೋರ್ಟ್ (ಯಾವುದು ಯಾವುದಕ್ಕೆ ಡಿಕ್ಕಿ ಅನ್ನುವ ಪಟ್ಟಿ) ಬರುವ ಹೊತ್ತಿಗೆ ಮೂರನೇ ಮಹಡಿ ಶಟರಿಂಗ್ ನಡೆದಿರುತ್ತದೆ. ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ. ಆ ರಿಪೋರ್ಟನ್ನು ಯಾರೂ ತೆರೆದು ನೋಡುವುದಿಲ್ಲ, ತೆರೆದರೂ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಮಾಲೀಕರು ಅನ್ನುತ್ತಾರೆ, ಬಿಮ್ ಮಾಡಿಸಿದ್ವಿ, ಏನೂ ಉಪಯೋಗ ಆಗಲಿಲ್ಲ. ಅವರ ಅನುಭವ ಸುಳ್ಳಲ್ಲ, ಆದರೆ ಅವರು ಮಾಡಿಸಿದ್ದು ಬಿಮ್ ಅಲ್ಲ.

ತಡ ಯಾಕಾಗುತ್ತದೆ ಅಂತ ಅಗೆದು ನೋಡಿದರೆ ಸಿಗುವುದು ದುಡ್ಡಿನ ವ್ಯವಸ್ಥೆ. ಎಸಿ, ಫೈರ್, ಎಲೆಕ್ಟ್ರಿಕಲ್ ಕಂಟ್ರಾಕ್ಟರುಗಳನ್ನು ನಮ್ಮಲ್ಲಿ ಸ್ಟ್ರಕ್ಚರ್ ಅರ್ಧ ಎದ್ದ ಮೇಲೆ ಗೊತ್ತು ಮಾಡುತ್ತಾರೆ, ದುಡ್ಡು ಆಗ ಕೊಟ್ಟರೆ ಸಾಕು ಅಂತ. ಅವರು ಬರುವವರೆಗೂ ಯಾವ ಕಂಪನಿಯ ಎಸಿ ಯೂನಿಟ್, ಅದರ ಅಳತೆ ಎಷ್ಟು, ಪಂಪು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಕನ್ಸಲ್ಟಂಟಿಗೆ ಫೀಸು ಡ್ರಾಯಿಂಗ್ ಬಿಡುಗಡೆಯ ಹಂತಕ್ಕೆ ತಕ್ಕಂತೆ ಬರುತ್ತದೆ, ಹಾಗಾಗಿ ಡ್ರಾಯಿಂಗ್ ಬೇಗ ಹೊರಗೆ ಹಾಕಿದರೆ ಬಿಲ್ಲು ಬೇಗ. ಇನ್ನೊಬ್ಬರ ಡಕ್ಟಿಗೆ ಜಾಗ ಮಾಡಿಕೊಡಲು ತನ್ನ ಪೈಪನ್ನು ಸರಿಸಿ ಮತ್ತೆ ಮಾಡೆಲ್ ತಿದ್ದುವುದಕ್ಕೆ ಅವರಿಗೆ ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ಸರ್ಕಾರಿ ಕೆಲಸದಲ್ಲಿ ಇನ್ನೂ ಕಷ್ಟ. ಕೆಟಿಪಿಪಿ (ಕರ್ನಾಟಕದ ಸರ್ಕಾರಿ ಖರೀದಿ ಪಾರದರ್ಶಕತೆ) ಕಾಯ್ದೆಯಡಿ ಟೆಂಡರ್, ಸಾಮಾನ್ಯವಾಗಿ ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ರೇಟ್ ಹಾಕಿದವರಿಗೆ ಕೆಲಸ. ಬಿಓಕ್ಯೂನಲ್ಲಿ (ಕೆಲಸಗಳ ಪ್ರಮಾಣ, ದರದ ಪಟ್ಟಿ) ಅಗೆತಕ್ಕೆ ಐಟಂ ಇದೆ, ಸೆಂಟ್ರಿಂಗ್‌ಗೆ ಇದೆ, ಕ್ಯೂರಿಂಗ್ ಕೂಡ ಲೆಕ್ಕಕ್ಕೆ ಬರುತ್ತದೆ, ಕೋಆರ್ಡಿನೇಷನ್ನಿಗೆ ಒಂದು ಸಾಲೂ ಇರುವುದಿಲ್ಲ. ದರದಲ್ಲಿ ಸೇರಿದೆ ಅಂತ ಒಂದು ಮಾತು ಬರೆದಿರುತ್ತಾರೆ. ಕಡಿಮೆ ರೇಟ್ ಹಾಕಿ ಗೆದ್ದ ಕಂಟ್ರಾಕ್ಟರ್ ಮೊದಲು ಕೈಬಿಡುವುದು ಅದನ್ನೇ, ಸಹಜ ಅಲ್ವಾ?

ಬೇರೆ ದೇಶಗಳಲ್ಲಿ ಇದು ಹಿಡಿದುಕೊಂಡಿದ್ದು ಹೇಗೆ ಅಂತ ನೋಡಿದರೆ, ಎಲ್ಲಾ ಕಡೆ ಮೊದಲು ಪಟ್ಟು ಹಿಡಿದದ್ದು ಮಾಲೀಕರು ಅಥವಾ ಸರ್ಕಾರ. ಬ್ರಿಟನ್ ಸರ್ಕಾರ 2011ರಲ್ಲಿ ಹೇಳಿತು, 2016ರಿಂದ ಕೇಂದ್ರ ಸರ್ಕಾರದ ದುಡ್ಡಿನಲ್ಲಿ ಕಟ್ಟುವ ಕಟ್ಟಡಗಳಿಗೆ ಬಿಮ್ ಕಡ್ಡಾಯ ಅಂತ. ಐದು ವರ್ಷ ಟೈಮ್ ಕೊಟ್ಟು, ಏನು ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಅಂತ ನಿಯಮಗಳನ್ನು ಬರೆದುಕೊಟ್ಟರು. ಆ ನಿಯಮಗಳೇ ಮುಂದೆ ಐಎಸ್‌ಒ 19650 ಆಗಿ 2018ರಲ್ಲಿ ಜಗತ್ತಿಗೆಲ್ಲ ಬಂತು. ಸಿಂಗಾಪುರದವರು ಇನ್ನೂ ನೇರ. ಪ್ಲಾನ್ ಸ್ಯಾಂಕ್ಷನ್ ಬೇಕಾದರೆ ಮಾಡೆಲ್ ಕೊಡಿ ಅಂದರು. 2013ರಲ್ಲಿ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳ ಆರ್ಕಿಟೆಕ್ಚರ್‌ಗೆ ಶುರು ಮಾಡಿ, 2015ರ ಹೊತ್ತಿಗೆ 5,000 ಚದರ ಮೀಟರಿಗೆ ಇಳಿಸಿದರು. ದೊಡ್ಡದರಿಂದ ಚಿಕ್ಕದಕ್ಕೆ, ಮೆಟ್ಟಿಲು ಮೆಟ್ಟಿಲಾಗಿ. ನಮ್ಮ ದೇಶದಲ್ಲೇ ನಾಗ್ಪುರ ಮೆಟ್ರೊ ಇದೆ. ಅಲ್ಲಿ ಮಹಾ ಮೆಟ್ರೊ ಶುರುವಿನಿಂದಲೇ 5ಡಿ ಬಿಮ್ ಹಿಡಿಯಿತು, ಅಂದರೆ ಮಾಡೆಲ್‌ಗೆ ಕೆಲಸದ ಶೆಡ್ಯೂಲೂ ಖರ್ಚಿನ ಲೆಕ್ಕವೂ ಜೋಡಣೆ ಆಗಿತ್ತು. 2019ರಲ್ಲಿ ಅಲ್ಲಿ ರೈಲು ಓಡಲು ಶುರುವಾಯಿತು. ಅಲ್ಲೂ ಕೇಳಿದ್ದು ಮಾಲೀಕರೇ. ಕಂಟ್ರಾಕ್ಟರ್ ತಾನಾಗಿ ತಂದು ಕೊಟ್ಟಿದ್ದಲ್ಲ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಎಷ್ಟೊಂದು ಬಿಮ್ ಆಫೀಸುಗಳಿವೆ. ಹಾಸನದಿಂದ, ದಾವಣಗೆರೆಯಿಂದ, ಕಲಬುರಗಿಯಿಂದ ಬಂದ ಡಿಪ್ಲೊಮಾ ಹುಡುಗ ಹುಡುಗಿಯರು ಅಲ್ಲಿ ಕೂತು ಇಂಗ್ಲೆಂಡಿನ ಶಾಲೆ, ಅಮೆರಿಕದ ಆಸ್ಪತ್ರೆ, ಗಲ್ಫಿನ ಹೋಟೆಲುಗಳ ಮಾಡೆಲ್ ಮಾಡುತ್ತಿದ್ದಾರೆ. ಅಲ್ಲಿನ ಟೈಮಿಗೆ ತಕ್ಕ ಶಿಫ್ಟು. ಒಂದೊಂದು ಪೈಪಿನ ಹ್ಯಾಂಗರ್ ಸಮೇತ ತೋರಿಸುವಷ್ಟು ಕೈ ಪಳಗಿದೆ. ಅವರದೇ ಆಫೀಸಿನ ಎದುರು ಏಳುತ್ತಿರುವ ಕಟ್ಟಡದಲ್ಲಿ ಮಾತ್ರ ಸ್ಲ್ಯಾಬ್ ಒಡೆದು ಪೈಪ್ ಹಾಕುವ ಸದ್ದು. ಜನ ಇಲ್ಲ, ಕಲಿತವರು ಸಿಗುವುದಿಲ್ಲ ಅಂತ ಬಿಲ್ಡರುಗಳು ಹೇಳಿದಾಗ ನನಗೆ ಒಪ್ಪಲು ಆಗುವುದಿಲ್ಲ. ಜನ ಇಲ್ಲೇ ಇದ್ದಾರೆ, ನಾವು ಅವರನ್ನು ಕರೆದಿಲ್ಲ ಅಷ್ಟೇ. ಕರೆದರೂ ಕೊಡುವ ಸಂಬಳ ಕೇಳಿದರೆ ಬರುವ ಮನಸ್ಸು ಬರುವುದಿಲ್ಲ.

ಈಗ ಯಾರೂ ಹೆಚ್ಚು ಮಾತಾಡದ ಒಂದು ಅಡ್ಡಿಗೆ ಬರುತ್ತೇನೆ. ಬಿಲ್ಲಿಂಗ್. ಬಿಮ್ ಮಾರುವವರು, ಮಾಡೆಲ್‌ನಿಂದ ಕ್ವಾಂಟಿಟಿ ತಾನಾಗಿ ಬರುತ್ತೆ ಅನ್ನುತ್ತಾರೆ. ಬರುತ್ತದೆ, ನಿಜ. ಆದರೆ ನಮ್ಮಲ್ಲಿ ದುಡ್ಡು ಕೊಡುವುದು ಐಎಸ್ 1200 (ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನಕ) ಪ್ರಕಾರ ಅಳೆದು. ಪ್ಲಾಸ್ಟರಿಂಗ್ ತಗೊಳ್ಳಿ. ಅರ್ಧ ಚದರ ಮೀಟರಿಗಿಂತ ಚಿಕ್ಕ ತೆರಪಿಗೆ ಏನೂ ಕಳೆಯುವುದಿಲ್ಲ. ಅರ್ಧದಿಂದ ಮೂರು ಚದರ ಮೀಟರ್ ಒಳಗಿನದಾದರೆ ಒಂದು ಬದಿ ಮಾತ್ರ ಕಳೆಯುತ್ತಾರೆ, ಯಾಕೆಂದರೆ ಸುತ್ತಲಿನ ಜಾಂಬ್ (ತೆರಪಿನ ಒಳಬದಿಯ ಅಂಚು) ಪ್ಲಾಸ್ಟರಿಗೆ ಬೇರೆ ದುಡ್ಡು ಕೊಡುವುದಿಲ್ಲ. 900 ಅಗಲ 2,100 ಎತ್ತರದ ಬಾಗಿಲು ಅಂದರೆ 1.89 ಚದರ ಮೀಟರ್. ಐಎಸ್ ಲೆಕ್ಕದಲ್ಲಿ ಒಂದು ಬದಿ ಕಳೆಯುತ್ತದೆ, ಮಾಡೆಲ್ ಎರಡೂ ಬದಿ ಕಳೆಯುತ್ತದೆ. ಇಂಥ 200 ಬಾಗಿಲಿರುವ ಕಟ್ಟಡದಲ್ಲಿ ವ್ಯತ್ಯಾಸ 378 ಚದರ ಮೀಟರ್. ಪ್ಲಾಸ್ಟರಿಂಗ್ ಮೇಸ್ತ್ರಿ ಒಪ್ಪುತ್ತಾನಾ? ಬಿಲ್ಲಿಂಗ್ ಎಂಜಿನಿಯರ್ ಒಮ್ಮೆ ಇದನ್ನು ನೋಡಿದರೆ ಸಾಕು, ನಿಮ್ಮ ಮಾಡೆಲ್ ಲೆಕ್ಕ ತಪ್ಪು ಅಂತ ಪಕ್ಕಕ್ಕಿಟ್ಟು ಮತ್ತೆ ಟೇಪ್ ಹಿಡಿದು ಹೊರಡುತ್ತಾರೆ. ಆಮೇಲೆ ಅವರನ್ನು ನಂಬಿಸುವುದು ಬಲು ಕಷ್ಟ. ಮಾಡೆಲ್ ಅಳೆದಿರುವುದು ನಿಜವಾಗಿ ಎಷ್ಟು ಪ್ಲಾಸ್ಟರ್ ಇದೆಯೋ ಅಷ್ಟು, ಕಾಂಟ್ರಾಕ್ಟ್ ಅಳೆಯುವುದು ಎಷ್ಟಕ್ಕೆ ದುಡ್ಡು ಕೊಡಬೇಕೋ ಅಷ್ಟು. ಈ ಎರಡನ್ನೂ ಜೋಡಿಸುವ ಶೆಡ್ಯೂಲ್‌ಗಳನ್ನು ಪ್ರಾಜೆಕ್ಟ್ ಶುರುವಿನಲ್ಲೇ, ಬಿಲ್ಲಿಂಗ್‌ನವರ ಪಕ್ಕದಲ್ಲಿ ಕೂತು ಕಟ್ಟಬೇಕು. ನಾಲ್ಕೈದು ದೊಡ್ಡ ಐಟಂಗಳಿಗೆ, ಅಂದರೆ ಕಾಂಕ್ರೀಟ್, ಶಟರಿಂಗ್, ಬ್ಲಾಕ್ ವರ್ಕ್, ಪ್ಲಾಸ್ಟರ್, ಟೈಲ್ಸ್‌ಗೆ ಮಾಡಿಕೊಂಡರೂ ಸಾಕು, ಬಹುಪಾಲು ಜಗಳ ಅಲ್ಲೇ ಮುಗಿಯುತ್ತದೆ.

ಕೆಲಸ ಶುರುವಾಗುವ ದಿನ ತೀರ್ಮಾನ ಮಾಡಬೇಕಾದ ಸಣ್ಣ ಸಣ್ಣ ವಿಷಯಗಳು ಇನ್ನೂ ಇವೆ, ಸಣ್ಣವು ಅಂತ ಬಿಟ್ಟರೆ ವಾರಗಟ್ಟಲೆ ತಿನ್ನುತ್ತವೆ. ರೆವಿಟ್‌ನಲ್ಲಿ 2024ರ ಆವೃತ್ತಿಯಲ್ಲಿ ಸೇವ್ ಮಾಡಿದ ಫೈಲ್ 2023ರಲ್ಲಿ ತೆರೆಯುವುದಿಲ್ಲ. ಒಬ್ಬರು ಸುಮ್ನೆ ಅಪ್‌ಗ್ರೇಡ್ ಮಾಡಿಬಿಟ್ಟರೆ ಉಳಿದವರೆಲ್ಲ ಕೈ ಕಟ್ಟಿ ಕೂರಬೇಕು. ಹಾಗಾಗಿ ಆವೃತ್ತಿ ಯಾವುದು ಅಂತ ಮೊದಲೇ ಬರೆದು ಸಹಿ ಹಾಕಿಸಿ. ಎರಡನೇದು ಮೂಲ ಬಿಂದು. ಗ್ರಿಡ್ ಎ ಮತ್ತು ಗ್ರಿಡ್ 1 ಸೇರುವ ಜಾಗವೇ ಎಲ್ಲರಿಗೂ ಸೊನ್ನೆ ಅಂತ ಒಪ್ಪಿಕೊಳ್ಳದಿದ್ದರೆ, ಮಾಡೆಲ್‌ಗಳನ್ನು ಜೋಡಿಸಿದಾಗ ಆರ್ಕಿಟೆಕ್ಟಿನ ಕಟ್ಟಡ ಒಂದು ಕಡೆ, ಪೈಪುಗಳು ಕಿಲೋಮೀಟರ್ ದೂರದಲ್ಲಿ ಗಾಳಿಯಲ್ಲಿ. ಲೆವೆಲ್ಲೂ ಹಾಗೇ. ಆರ್ಕಿಟೆಕ್ಟ್ ಫಿನಿಶ್ ಆದ ನೆಲವನ್ನು ಸೊನ್ನೆ ಅನ್ನುತ್ತಾರೆ, ಸ್ಟ್ರಕ್ಚರಿನವರು ಸ್ಲ್ಯಾಬಿನ ಮೇಲ್ಮೈಯನ್ನು ಸೊನ್ನೆ ಅನ್ನುತ್ತಾರೆ, ಮಧ್ಯೆ ಆ 75 ಎಂಎಂ ಕಳೆದುಹೋಗುತ್ತದೆ. ಮೇಲಿನ ಕಾರಿಡಾರ್ ಲೆಕ್ಕ ನೆನಪಿದೆಯಲ್ಲ, ಅಲ್ಲಿ 75 ಅಂದರೆ ಎಷ್ಟು ದೊಡ್ಡದು!

ಎಲ್‌ಒಡಿ (ಲೆವೆಲ್ ಆಫ್ ಡೆವಲಪ್ಮೆಂಟ್, ಮಾಡೆಲ್ಲಿನಲ್ಲಿ ಎಷ್ಟು ವಿವರ ಇರಬೇಕು ಅನ್ನುವ ಅಳತೆ) ಬಗ್ಗೆಯೂ ಒಂದು ಮಾತು. 100ರಿಂದ 500ರವರೆಗೆ ಹಂತಗಳಿವೆ, ಒರಟು ಆಕಾರದಿಂದ ಹಿಡಿದು ಕಟ್ಟಿದ ಮೇಲೆ ಇದ್ದದ್ದು ಇದ್ದ ಹಾಗೆ ಇರುವವರೆಗೆ. ಯಾವುದೋ ಹೊರದೇಶದ ಟೆಂಡರಿನಿಂದ ಎತ್ತಿಕೊಂಡು, ಎಲ್ಲವೂ ಎಲ್‌ಒಡಿ 400ರಲ್ಲಿ ಬೇಕು ಅಂತ ನಮ್ಮವರು ಬರೆದುಬಿಡುತ್ತಾರೆ. 400 ಅಂದರೆ ಫ್ಯಾಕ್ಟರಿಯಲ್ಲಿ ತಯಾರು ಮಾಡುವಷ್ಟು ವಿವರ. ಸ್ಟೀಲ್ ಸ್ಟ್ರಕ್ಚರಿಗೆ ಅದು ಬೇಕು, ಬೋಲ್ಟು ಪ್ಲೇಟು ಎಲ್ಲಾ ಬೇಕು. ಬಾಗಿಲಿನ ಚಿಲಕಕ್ಕೆ ಯಾಕೆ? ಹುಡುಗರು ವಾರಗಟ್ಟಲೆ ಕೂತು ವಾಶ್ ಬೇಸಿನ್ನಿನ ನಲ್ಲಿ ಮಾಡೆಲ್ ಮಾಡುತ್ತಾರೆ, ಅತ್ತ ಡ್ರೈನ್ ಸ್ಲೋಪ್ ಕೊಟ್ಟೇ ಇರುವುದಿಲ್ಲ. ಯಾವ ವಸ್ತು, ಯಾವ ಹಂತದಲ್ಲಿ, ಯಾವ ವಿವರದಲ್ಲಿ, ಯಾರು ಮಾಡುವುದು ಎನ್ನುವ ಪಟ್ಟಿ ಒಂದು ಪುಟದಲ್ಲಿದ್ದರೆ ಸಾಕು.

ಕ್ಲಾಶ್ ಸಂಖ್ಯೆಯ ಹಿಂದೆ ಬೀಳುವುದೂ ಇದೇ ಥರದ ರೋಗ. ನೇವಿಸ್‌ವರ್ಕ್ಸ್‌ನಲ್ಲಿ (ಮಾಡೆಲ್ಲುಗಳನ್ನು ಜೋಡಿಸಿ ಡಿಕ್ಕಿ ಹುಡುಕುವ ಸಾಫ್ಟ್‌ವೇರ್) ಬಟನ್ ಒತ್ತಿದರೆ ಸಾವಿರಗಟ್ಟಲೆ ಕ್ಲಾಶ್ ಬರುತ್ತವೆ. ಅದರಲ್ಲಿ ಅರ್ಥ ಇರುವವು ಸ್ವಲ್ಪವೇ. ಒಂದೇ ಡಕ್ಟು ಒಂದೇ ಟ್ರೇ ಮೇಲೆ ಉದ್ದಕ್ಕೂ ಕೂತಿದ್ದರೆ ಅದೇ ನೂರು ಕ್ಲಾಶ್ ಆಗಿ ಕಾಣುತ್ತದೆ, ಡಕ್ಟನ್ನು ಒಮ್ಮೆ ಇಳಿಸಿದರೆ ಎಲ್ಲಾ ಮಾಯ. ಮಾಲೀಕರ ಮೀಟಿಂಗಿನಲ್ಲಿ, ಇಷ್ಟು ಸಾವಿರ ಕ್ಲಾಶ್ ಬಗೆಹರಿಸಿದ್ದೇವೆ ಅಂತ ಸ್ಲೈಡ್ ತೋರಿಸುವವರನ್ನು ನಾನು ನಂಬುವುದಿಲ್ಲ. ನಾನು ನೋಡುವುದು ಮುಂದಿನ ಸ್ಲ್ಯಾಬಿಗೆ ಸೇರಿದ ತೀರ್ಮಾನಗಳಲ್ಲಿ ಎಷ್ಟು ಬಾಕಿ ಇವೆ ಅಂತ. ಅದು ಸೊನ್ನೆ ಆಗದೆ ಕಾಂಕ್ರೀಟ್ ಹಾಕಬಾರದು. ಜಾಗಕ್ಕೆ ಜಗಳ ಬಂದಾಗ ಯಾರಿಗೆ ಮೊದಲ ಹಕ್ಕು ಅಂತಲೂ ಮುಂಚೆಯೇ ಗೊತ್ತಿರಬೇಕು. ಡ್ರೈನ್ ಪೈಪಿಗೆ ಮೊದಲು, ನೀರು ಇಳಿಜಾರಿನಲ್ಲೇ ಹರಿಯಬೇಕು, ಅದನ್ನು ಮೇಲೆತ್ತಿ ದಾಟಿಸಲು ಆಗುವುದಿಲ್ಲ. ಆಮೇಲೆ ದೊಡ್ಡ ಡಕ್ಟು. ಆಮೇಲೆ ಕೇಬಲ್ ಟ್ರೇ, ಅದರ ಮೇಲೆ ನೀರಿನ ಪೈಪ್ ಬರಬಾರದು. ಕೊನೆಗೆ ಸ್ಪ್ರಿಂಕ್ಲರು, ನೀರಿನ ಸಣ್ಣ ಪೈಪುಗಳು, ಒತ್ತಡದಲ್ಲಿ ಹರಿಯುವುದರಿಂದ ಅವು ಎಲ್ಲಿ ಬೇಕಾದರೂ ಬಾಗುತ್ತವೆ. ಈ ಕ್ರಮ ಒಪ್ಪಿಕೊಂಡು ಕೂತರೆ ವಾರದ ಮೀಟಿಂಗ್ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಆದರೆ ಮೀಟಿಂಗಿಗೆ ತೀರ್ಮಾನ ಮಾಡುವ ಅಧಿಕಾರ ಇರುವವರು ಬರಬೇಕು. ಜೂನಿಯರ್ ಒಬ್ಬರನ್ನು ಕಳಿಸಿ, ಸಾರ್‌ನ ಕೇಳಿ ಹೇಳ್ತೀನಿ ಅನ್ನಿಸುವುದಾದರೆ ಆ ಮೀಟಿಂಗ್ ಬೇಡವೇ ಬೇಡ.

ಸೈಟಿನ ಕಡೆಗೆ ಬರೋಣ. ಮಾಡೆಲ್ ಆಫೀಸಿನಲ್ಲೇ ಉಳಿದರೆ ಎಲ್ಲಾ ವ್ಯರ್ಥ. ಬೀಮು ಕಂಬ ಸೇರುವ ಗಂಟನ್ನು ನೋಡಿ. ಕಂಬದಲ್ಲಿ 25 ಎಂಎಂ ಡಯಾದ ಹನ್ನೆರಡು ರಾಡು, ನಾಲ್ಕು ದಿಕ್ಕಿನಿಂದ ಬೀಮಿನ ರಾಡುಗಳು, ಮೇಲಿನವು ಕೆಳಗಿನವು, ಮಧ್ಯೆ ಒತ್ತೊತ್ತಾಗಿ ರಿಂಗುಗಳು. ಡ್ರಾಯಿಂಗಿನಲ್ಲಿ ಒಂದೊಂದು ಬೀಮೂ ಬೇರೆ ಬೇರೆ ಶೀಟಿನಲ್ಲಿ ಇರುವುದರಿಂದ ಎಲ್ಲಾ ಸಲೀಸಾಗಿ ಕಾಣುತ್ತದೆ. ಕಟ್ಟಲು ಹೋದಾಗ 20 ಎಂಎಂ ಜಲ್ಲಿ ಇಳಿಯಲು ಜಾಗ ಇಲ್ಲ, ವೈಬ್ರೇಟರ್ ಸೂಜಿ ಇಳಿಯುವುದಿಲ್ಲ, ಶಟರಿಂಗ್ ಬಿಚ್ಚಿದರೆ ಹನಿಕೂಂಬ್, ಅಂದರೆ ಜೇನುಗೂಡಿನ ಹಾಗೆ ಪೊಳ್ಳು ಕಾಂಕ್ರೀಟ್. ಇದೇ ಗಂಟನ್ನು ಮಾಡೆಲ್‌ನಲ್ಲಿ ರಾಡು ರಾಡಾಗಿ ಇಟ್ಟು ನೋಡಿದರೆ ಯಾವ ಬೀಮಿನ ರಾಡು ಮೇಲೆ ಹೋಗಬೇಕು, ಯಾವುದು ಕೆಳಗೆ, ಮೊದಲು ಯಾವುದನ್ನು ತೂರಿಸಬೇಕು ಎಲ್ಲಾ ಗೊತ್ತಾಗುತ್ತದೆ. ಟ್ಯಾಬ್‌ನಲ್ಲಿ ಅದನ್ನು ತಿರುಗಿಸಿ ತೋರಿಸಿದಾಗ ಬಾರ್ ಬೆಂಡಿಂಗ್ ಮೇಸ್ತ್ರಿ ಕೇಳುವ ಪ್ರಶ್ನೆಗಳು ಎಂಥವು ಗೊತ್ತಾ! ಈ ರಾಡಿನ ಎಲ್ ಬೆಂಡ್ ಇಷ್ಟುದ್ದ ಇದ್ದರೆ ರಿಂಗ್ ಒಳಗೆ ಹೋಗಲ್ಲ ಸಾರ್, ಎರಡು ತುಂಡು ಮಾಡಿ ಲ್ಯಾಪ್ ಕೊಡೋಣವಾ, ಅಂತ. ಡಿಸೈನ್ ಆಫೀಸಿನಲ್ಲಿ ಯಾರಿಗೂ ಹೊಳೆಯದ ಮಾತು. ನಮ್ಮ ಸೈಟುಗಳಲ್ಲಿ ಯಾದಗಿರಿ, ರಾಯಚೂರಿನವರ ಜೊತೆ ಒಡಿಶಾ, ಬಿಹಾರ, ಬಂಗಾಳದವರು ಕೆಲಸ ಮಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯುವುದಿಲ್ಲ. ಇಂಗ್ಲಿಷಿನ ಡ್ರಾಯಿಂಗ್ ನೋಟ್ಸ್ ಯಾರಿಗೂ ಬೇಡ. ತಿರುಗಿಸಿ ನೋಡಬಹುದಾದ ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ. ಕಟ್ಟಿ ಮತ್ತೆ ಬಿಚ್ಚುವ ಕೆಲಸ ಆ ಬಿಸಿಲಿನಲ್ಲಿ ಅವರ ಮೇಲೇ ಬೀಳುವುದು, ಅದಕ್ಕೇ ಮಾಡೆಲ್ ಮೊದಲು ಅವರಿಗೆ ತಲುಪಬೇಕು ಅಂತ ನಾನು ಹಟ ಹಿಡಿಯುವುದು.

ಬಿಲ್ಡರುಗಳಿಗೆ ಒಂದು ಕಾರಣ ಸೇರಿಸುತ್ತೇನೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಮನೆ ಕೊಟ್ಟ ಮೇಲೆ ಐದು ವರ್ಷದವರೆಗೆ ಸ್ಟ್ರಕ್ಚರಿನ ಅಥವಾ ಕೆಲಸದ ಗುಣಮಟ್ಟದ ದೋಷ ಬಂದರೆ ಬಿಲ್ಡರೇ ಸರಿ ಮಾಡಿಕೊಡಬೇಕು. ನಾಲ್ಕನೇ ವರ್ಷ ಯಾವುದೋ ಫ್ಲ್ಯಾಟಿನ ಬಾತ್‌ರೂಮಿನಿಂದ ಕೆಳಗೆ ನೀರು ಸೋರಿದರೆ, ಪೈಪ್ ಗೋಡೆಯ ಒಳಗೆ ಎಲ್ಲಿ ಹೋಗಿದೆ ಅಂತ ಹೇಳುವವರು ಯಾರು? ಅಂದಿನ ಪ್ಲಂಬರ್ ಬೇರೆ ಊರಿನಲ್ಲಿರುತ್ತಾನೆ. ಆಸ್ ಬಿಲ್ಟ್ (ನಿಜವಾಗಿ ಕಟ್ಟಿದ್ದನ್ನು ತೋರಿಸುವ) ಡ್ರಾಯಿಂಗ್ ಅಂತ ಕೊಟ್ಟಿರುವುದು ಸಾಮಾನ್ಯವಾಗಿ ಜಿಎಫ್‌ಸಿ ಡ್ರಾಯಿಂಗಿನ ಮೇಲೆ ಬೇರೆ ಸೀಲು. ಕೆಲಸ ನಡೆಯುವಾಗಲೇ, ಪ್ಲಾಸ್ಟರಿಗೆ ಮುಂಚೆ ಫೋಟೊ ತೆಗೆದು ಮಾಡೆಲ್ ತಿದ್ದಿಟ್ಟುಕೊಂಡರೆ ಅಂದಾಜಿನ ಮೇಲೆ ಟೈಲ್ಸ್ ಒಡೆಯುವುದು ತಪ್ಪುತ್ತದೆ. ಇದಕ್ಕೆ ಒಬ್ಬ ಹುಡುಗನ ಸಂಬಳ ಸಾಕು.

ಲೈಸೆನ್ಸ್ ಖರ್ಚಿಗೆ ಹೆದರುವ ಸಣ್ಣ ಕಂಟ್ರಾಕ್ಟರುಗಳಿಗೆ ನನ್ನ ಸಲಹೆ ಇಷ್ಟೇ. ಎಲ್ಲರೂ ರೆವಿಟ್ ಕೊಳ್ಳಬೇಕಿಲ್ಲ. ಮಾಡೆಲ್ ನೋಡಲು ಮಾತ್ರ ಆದರೆ ನೇವಿಸ್‌ವರ್ಕ್ಸ್ ಫ್ರೀಡಂ ಪುಕ್ಕಟೆ ಸಿಗುತ್ತದೆ. ಐಎಫ್‌ಸಿ ಅಂತ ಒಂದು ಫೈಲ್ ರೂಪ ಇದೆ, ಐಎಸ್‌ಒ ಮಾನ್ಯತೆ ಇರುವಂಥದ್ದು, ಯಾವ ಕಂಪನಿಗೂ ಸೇರಿದ್ದಲ್ಲ, ಅದರಲ್ಲಿ ಮಾಡೆಲ್ ಕೊಡಿ ಅಂತ ಕನ್ಸಲ್ಟಂಟಿಗೆ ಕೇಳಿ. ಫ್ರೀಕ್ಯಾಡ್, ಬ್ಲೆಂಡರ್ ಮೇಲೆ ಓಡುವ ಬೊನ್ಸಾಯ್ ಎರಡೂ ಓಪನ್ ಸೋರ್ಸ್, ಕಲಿಯುವ ಹುಡುಗರಿಗೆ ಒಳ್ಳೆಯ ದಾರಿ. ಮತ್ತೆ, ಇಡೀ ಕಟ್ಟಡಕ್ಕೆ ಕೈ ಹಾಕಬೇಡಿ. ಪಂಪ್ ರೂಮ್ ಒಂದನ್ನು ಮಾಡಿ. ಅಥವಾ ಮೇಲಿಂದ ಕೆಳಗೆ ಒಂದೇ ಥರ ಬರುವ ಟಾಯ್ಲೆಟ್ ಶಾಫ್ಟ್ ಮಾಡಿ, ಹತ್ತು ಮಹಡಿ ಇದ್ದರೆ ಒಮ್ಮೆ ಮಾಡಿದ ಕೆಲಸ ಹತ್ತು ಸಲ ಬರುತ್ತದೆ. ಬೇಸ್‌ಮೆಂಟ್ ಇದ್ದರೆ ಅದೇ ಮೊದಲಾಗಲಿ, ಡಕ್ಟು, ಸ್ಪ್ರಿಂಕ್ಲರು, ಕೇಬಲ್ ಟ್ರೇ, ಡ್ರೈನು ಎಲ್ಲಾ ಅಲ್ಲೇ ಬಂದು ಸೇರುತ್ತವೆ, ಕಾರಿನ ಮೇಲೆ ಎಷ್ಟು ಎತ್ತರ ಉಳಿಯುತ್ತದೆ ಎನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಕಾಲೇಜು ಮುಗಿಸಿದವರು ಯಾವ ಕೋರ್ಸ್ ಸೇರಲಿ ಅಂತ ಕೇಳುತ್ತಿರುತ್ತಾರೆ. ಕೋರ್ಸ್ ಸೇರಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಮಹಡಿ ಸ್ಲ್ಯಾಬು ಶಟರಿಂಗಿನಿಂದ ಕ್ಯೂರಿಂಗ್‌ವರೆಗೆ ಪಕ್ಕದಲ್ಲಿ ನಿಂತು ನೋಡಿ. ಪೈಪ್ ಜೋಡಿಸಲು ಪ್ಲಂಬರ್‌ನ ಕೈಗೆ ಎಷ್ಟು ಜಾಗ ಬೇಕು, ಫ್ಲೇಂಜಿನ ಬೋಲ್ಟ್ ಬಿಗಿ ಮಾಡಲು ಸ್ಪ್ಯಾನರ್ ಎಷ್ಟು ತಿರುಗಬೇಕು, ಎಸಿ ಯೂನಿಟ್ಟಿನ ಫಿಲ್ಟರ್ ತೆಗೆಯಲು ಕೆಳಗಿನಿಂದ ಎಷ್ಟು ಬಿಡಬೇಕು, ಇದನ್ನೆಲ್ಲ ಸ್ಕ್ರೀನ್ ಕಲಿಸುವುದಿಲ್ಲ. ಕ್ಲಾಶ್ ಇಲ್ಲ ಅಂತ ಸಾಫ್ಟ್‌ವೇರ್ ಹಸಿರು ತೋರಿಸಿದ ಮಾಡೆಲ್‌ನಲ್ಲೂ ಕೈ ಹೋಗದ ವಾಲ್ವ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಐಎಸ್ 1200 ಅಳತೆಗೆ ಹೊಂದುವ ಹಾಗೆ ರೆವಿಟ್ ಶೆಡ್ಯೂಲ್ ಟೆಂಪ್ಲೇಟ್ ಯಾರಾದರೂ ಮಾಡಿಟ್ಟುಕೊಂಡಿದ್ದರೆ ದಯವಿಟ್ಟು ಬರೆಯಿರಿ. ಪ್ಲಾಸ್ಟರಿಂಗ್ ಮತ್ತು ಬ್ಲಾಕ್ ವರ್ಕ್‌ಗೆ ನಾನು ಮಾಡಿಕೊಂಡಿರುವುದನ್ನು ಮುಂದಿನ ಬರಹದಲ್ಲಿ ಫಾರ್ಮುಲಾ ಸಮೇತ ಹಾಕುತ್ತೇನೆ. ಶಟರಿಂಗ್‌ನಲ್ಲಿ ಬೀಮು ಸ್ಲ್ಯಾಬು ಸೇರುವ ಕಡೆ ಅಳತೆ ಎರಡು ಸಲ ಬರುವುದನ್ನು ತಪ್ಪಿಸುವ ಸುಲಭ ದಾರಿ ಮಾತ್ರ ನನಗಿನ್ನೂ ಬೇಕಾಗಿದೆ.